ಬೋಲ್ಟ್ ಹಾಕಿದ ಸೋಫಾ

ಮಂಗಳವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ

ಮೂಲೆಮಟ್ಟದ ಮಹಾರಾಯರಿಗೆ,

ನಿಮ್ಮ ಪತ್ರ ತಲುಪಿತು. ಸೋಫಾ ವಿಷಯಕ್ಕೆ ಗಂಡನನ್ನು ಬಿಟ್ಟು ಹೋದವಳು ಅಂತ ನಿಮ್ಮ ಅಕ್ಕ ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾರೆ, ಅವರ ಬಾಯಿ ಮುಚ್ಚಿಸುವುದಕ್ಕಾದರೂ ವಾಪಸು ಬಾ ಎಂದು ಬರೆದಿದ್ದೀರಿ. ಪಾಪ, ಅವರ ಬಾಯಿ ಯಾಕೆ ಮುಚ್ಚಿಸಬೇಕು? ಅವರು ಹೇಳುತ್ತಿರುವುದು ಅಪ್ಪಟ ನಿಜ. ನಾನು ಸೋಫಾ ವಿಷಯಕ್ಕೇ ಮನೆ ಬಿಟ್ಟು ಬಂದೆ. ಕೇಳಿದವರಿಗೆಲ್ಲ ನಾನೂ ಹಾಗೆಯೇ ಹೇಳುತ್ತಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಅವರು ಆಡಿಕೊಂಡಿದ್ದಾರೆ ಎಂದು ನಮ್ಮ ಮಗಳು ಗುಬ್ಬಿ ಹೇಳಿದಳು. ಒಂದು ಸಲವಾದರೂ ಯಾರಾದರೂ ಬಗ್ಗಿ ಆ ನೆಲ ನೋಡಿದ್ದರೆ ಆಗುತ್ತಿತ್ತು.

ಬರುವ ಭಾನುವಾರ ಪತ್ರಿಕೆಯವರು ಬರುತ್ತಾರೆ, 'ನೆಮ್ಮದಿಯ ಮನೆ' ಎಂದು ನಾಲ್ಕು ಪುಟ ನಮ್ಮ ಮನೆಯ ಚಿತ್ರ ಹಾಕುತ್ತಾರೆ, ಅದರಲ್ಲಿ ಮನೆಯೊಡತಿ ಸೋಫಾದ ಮೇಲೆ ಕಾಫಿ ಬಟ್ಟಲು ಹಿಡಿದು ಕೂತಿರಬೇಕು. ಇಷ್ಟು ನಿಮ್ಮ ಪತ್ರದ ಸಾರಾಂಶ. ತಿಳಿನೀಲಿ ಬಟ್ಟೆ ಹಾಕಿಕೊಂಡು ಬಾ, ಹಿಂದಿನ ಗೋಡೆಗೆ ಹೊಂದುತ್ತದೆ ಎಂದೂ ಸೇರಿಸಿದ್ದೀರಿ. ಇಷ್ಟು ದಿನವಾದ ಮೇಲೆ ಗಂಡ ಹೆಂಡತಿಗೆ ಬರೆದ ಕಾಗದದಲ್ಲಿ ಗೋಡೆಯ ಬಣ್ಣದ ವಿಚಾರ ಬಂತು, ಹೆಂಡತಿಯ ಕಿವಿಯ ವಿಚಾರ ಬರಲಿಲ್ಲ. ಓದಿ ನಕ್ಕೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಹೋಗಿಲ್ಲ, ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಜೊತೆಗೆ, ಊರವರ ಮನೆಗಳಿಗೆ ನಕ್ಷೆ ಹಾಕಿಕೊಡುವ ನೀವು ಆ ಪತ್ರಿಕೆಗೆ ಬರೆದ ಲೇಖನವನ್ನೂ ಎಂದಿನಂತೆ ತಿದ್ದಿಕೊಡು ಎಂದು ಕಳಿಸಿದ್ದೀರಿ. ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ಕರಡು ತಿದ್ದುವುದು ಈಗ ನನ್ನ ಕೆಲಸವೇ ಆದ್ದರಿಂದ ಕೈ ಚುರುಕಾಗಿದೆ. ಒಂದು ಸಾಲನ್ನು ಮಾತ್ರ ಮುಟ್ಟಿಲ್ಲ. 'ಮನೆಯ ಜೋಡಣೆ ಸರಿಯಿದ್ದರೆ ಅದರೊಳಗಿನವರ ನಡುವೆ ಮಾತು ತಾನಾಗಿ ಹುಟ್ಟುತ್ತದೆ' ಎಂದು ಬರೆದಿದ್ದೀರಿ. ಇದಕ್ಕಿಂತ ಸರಿಯಾದ ಮಾತನ್ನು ನೀವು ಜನ್ಮದಲ್ಲಿ ಬರೆದಿಲ್ಲ. ಅದನ್ನು ಬರೆಯುವಾಗ ನೀವು ಯಾವ ಮನೆಯನ್ನು ನೆನೆಸಿಕೊಂಡಿರಿ ಎಂಬುದಷ್ಟೇ ನನಗೆ ತಿಳಿಯಲಿಲ್ಲ.

ನನ್ನ ಕಿವಿ ಮಂದವಾಗುತ್ತ ಬಂದದ್ದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ವೈದ್ಯರ ಹತ್ತಿರ ನನ್ನ ಪಕ್ಕದಲ್ಲೇ ಕೂತಿದ್ದಿರಿ. ಅವರು, ಇನ್ನು ಮೇಲೆ ಇವರಿಗೆ ಅರ್ಧ ಮಾತು ಕಿವಿಯಿಂದ, ಅರ್ಧ ಮಾತು ಎದುರಿನವರ ಮುಖದಿಂದ ತಿಳಿಯಬೇಕು, ಮನೆಯಲ್ಲಿ ಸ್ವಲ್ಪ ಅನುಕೂಲ ಮಾಡಿಕೊಡಿ ಎಂದರು. ನೀವು ತಲೆಯಾಡಿಸಿದಿರಿ. ಇರುವುದರಲ್ಲೇ ಒಳ್ಳೆಯ ಯಂತ್ರ ಕೊಡಿಸಿದಿರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಈಗಲೂ ಅದು ನನ್ನ ಕಿವಿಯಲ್ಲೇ ಇದೆ. ಆದರೆ ಮನೆಯಲ್ಲಿ ಒಂದು ಕುರ್ಚಿ ಜರುಗಲಿಲ್ಲ.

ನಿಮ್ಮ ಮನೆ ಎಷ್ಟು ಚೆನ್ನಾಗಿದೆ ಎಂದು ಬಂದವರೆಲ್ಲ ಹೊಗಳುತ್ತಾರೆ. ನುಣುಪಾದ ನೆಲ, ಆಳೆತ್ತರದ ಗಾಜು, ಖಾಲಿ ಗೋಡೆ. ಪರದೆ ಹಾಕಿದರೆ ಗೆರೆ ಕೆಡುತ್ತದೆ, ಚಾಪೆ ಹಾಸಿದರೆ ನೆಲ ಸಣ್ಣದಾಗಿ ಕಾಣುತ್ತದೆ, ಪುಸ್ತಕ ಇಟ್ಟರೆ ಧೂಳು. ಅಲ್ಲಿ ಒಂದು ಚಮಚ ಬಿದ್ದರೆ ನಾಲ್ಕೂ ಗೋಡೆ ಆ ಸದ್ದನ್ನು ಒಂದರ ಮೇಲೊಂದು ಎಸೆದಾಡುತ್ತವೆ. ನನ್ನ ಯಂತ್ರದೊಳಗೆ ಅದು ಪಾತ್ರೆ ಅಂಗಡಿಯೇ ಕುಸಿದಂತೆ ಕೇಳಿಸಿ ದಿನವೂ ತಲೆನೋವು ಬರುತ್ತಿತ್ತು. ಊಟದ ಮೇಜಿನ ಮೇಲೆ ಆ ಕಪ್ಪು ಬುಟ್ಟಿಯ ದೀಪವನ್ನು ಅಷ್ಟು ಕೆಳಗೆ ಇಳಿಬಿಟ್ಟಿರಿ. ದೀಪದ ಬುಡದಲ್ಲಿ ಕತ್ತಲು ಎಂದು ಲೋಕ ಹೇಳುತ್ತದೆ. ನಮ್ಮಲ್ಲಿ ದೀಪದ ಬುಡದಲ್ಲಷ್ಟೇ ಬೆಳಕು. ತಟ್ಟೆಗಳು ಝಗಮಗ, ಮುಖಗಳು ಕತ್ತಲು. ಯಾರ ತುಟಿ ಅಲ್ಲಾಡಿತು ಎಂದು ತಿಳಿಯದೆ ನಾನು ತಟ್ಟೆಗಳನ್ನೇ ನೋಡುತ್ತ ಊಟ ಮುಗಿಸುತ್ತಿದ್ದೆ. ಅದೇ ಕಾಲಕ್ಕೆ ನಿಮ್ಮ ಮೀಸೆಯೂ ಪೊದೆಯಾಯಿತು. ಮುಖಕ್ಕೆ ಒಂದು ಗಾಂಭೀರ್ಯ ಬಂತು ಅಂದಿರಿ. ಆ ಗಾಂಭೀರ್ಯ ನಿಮ್ಮ ಮೇಲ್ತುಟಿಯನ್ನು ನುಂಗಿಹಾಕಿತು, ಅದರ ಜೊತೆಗೆ ನನಗೆ ಸಿಗುತ್ತಿದ್ದ ಅರ್ಧ ಮಾತನ್ನೂ.

ಏನಾಯಿತು ಎಂದು ಕೇಳಿದಾಗಲೆಲ್ಲ ನೀವು 'ಆಮೇಲೆ ಹೇಳ್ತೀನಿ ಬಿಡು' ಅನ್ನುತ್ತಿದ್ದಿರಿ. ಕೈಯಾಡಿಸುತ್ತಿದ್ದ ರೀತಿಯಿಂದಲೇ ಅದು ಗೊತ್ತಾಗುತ್ತಿತ್ತು, ಕಿವಿ ಬೇಕಿರಲಿಲ್ಲ. ಆ 'ಆಮೇಲೆ' ಒಂದು ದಿನವೂ ಬರಲಿಲ್ಲ. ಬರುಬರುತ್ತ ನಾನು ಕೇಳುವುದನ್ನೇ ಬಿಟ್ಟೆ. ಇವಳು ಗುಮ್ಮನಗುಸಕಿ ಆಗಿಬಿಟ್ಟಿದ್ದಾಳೆ ಎಂದು ನಿಮ್ಮ ಅಕ್ಕ ಹೇಳಿದರು, ನೀವು ಮನಸ್ಸಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಬರೆಸಿದಿರಿ. ನುಂಗಿದೆ. ಏನಾಯಿತು ಎಂದು ಕೇಳಿದವಳಿಗೆ ಮಾತ್ರೆ ಕೊಟ್ಟ ಮನೆ ಅದು.

ಈಗ ಸೋಫಾದ ವಿಷಯಕ್ಕೇ ಬರುತ್ತೇನೆ. ನಾಲ್ಕು ಜನ ಕೂರುವ ಆ ಉದ್ದ ಸೋಫಾವನ್ನು ನೀವು ಗಾಜಿನ ಗೋಡೆಗೆ ಮುಖ ಮಾಡಿ ಇಟ್ಟಿರಿ. ಬಂದವರು ಹೊರಗಿನ ಗಿಡ, ಬೀದಿ, ಆಕಾಶ ನೋಡಬೇಕು. ಚೆಂದದ ವಿಚಾರವೇ. ಆದರೆ ಅದರ ಮೇಲೆ ಕೂತವರು ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಎಲ್ಲರೂ ಮುಂದಕ್ಕೇ ನೋಡುತ್ತಾರೆ, ಒಬ್ಬರ ಮುಖ ಇನ್ನೊಬ್ಬರಿಗೆ ಸಿಗುವುದಿಲ್ಲ. ಬಲತುದಿ ನಿಮ್ಮದು, ಎಡತುದಿ ನನ್ನದು. ಆ ಸಂಜೆ ನಮ್ಮಿಬ್ಬರ ನಡುವೆ ಗುಬ್ಬಿ ಕೂತಿದ್ದಳು, ನಿಮ್ಮ ಕಡೆ ತಿರುಗಿ. ನನಗೆ ಕಂಡದ್ದು ಮಗಳ ಜಡೆ ಮಾತ್ರ. ಗೊತ್ತಾಗಿದ್ದ ಮದುವೆ ಮುರಿದುಬಿತ್ತು ಎಂದು ಅವಳು ಮೊದಲಿನಿಂದ ಕೊನೆಯ ತನಕ ನಮ್ಮಿಬ್ಬರಿಗೂ ಹೇಳಿಕೊಂಡಳಂತೆ. ನಾನು ಹೊರಗಡೆ ಯಾರದೋ ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುವುದನ್ನು ನೋಡಿ ನಗುತ್ತಿದ್ದೆ. ನೀವು ಎದ್ದು ಅವಳ ತಲೆಯ ಮೇಲೆ ಕೈಯಿಟ್ಟಾಗಲೇ ಏನೋ ಆಗಿದೆ ಎಂದು ಹೊಳೆದದ್ದು. ಏನು ಎಂದು ಕೇಳಿದೆ. ಆಮೇಲೆ ಹೇಳ್ತೀನಿ ಅಂದಿರಿ.

'ಅಮ್ಮಾ, ನಾನು ಅಳ್ತಾ ಇದ್ರೆ ನೀನು ತಿರುಗಿ ಕೂಡ ನೋಡ್ಲಿಲ್ಲ' ಎಂದು ಗುಬ್ಬಿ ಮರುದಿನ ನನ್ನ ಎದುರಿಗೆ ನಿಂತು ಹೇಳಿದಳು. ಎದುರಿಗೆ ನಿಂತದ್ದರಿಂದ ಅದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು.

ಅವತ್ತೇ ಸೋಫಾದ ಕಾಲಡಿಗೆ ಹಳೆಯ ಕಂಬಳಿ ತೂರಿಸಿ, ಒಬ್ಬಳೇ ಎಳೆದು, ಅದನ್ನು ಕುರ್ಚಿಗಳಿಗೆ ಎದುರಾಗಿ ತಿರುಗಿಸಿದೆ. ನೀವು ಕೆಲಸದಿಂದ ಬಂದವರು ಚಪ್ಪಲಿ ಬಿಡುವುದಕ್ಕೆ ಮೊದಲೇ ಜೇಬಿನಿಂದ ಟೇಪು ತೆಗೆದಿರಿ. ನೆಲದ ಮೇಲಿನ ನಿಮ್ಮ ಗುರುತಿಗೆ ಸರಿಯಾಗಿ ಮತ್ತೆ ಕೂರಿಸಿದಿರಿ. ನಾನು ಮಾರನೆಯ ದಿನ ಮತ್ತೆ ತಿರುಗಿಸಿದೆ. ನೀವು ಮತ್ತೆ ಕೂರಿಸಿದಿರಿ. ಆ ವಾರ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದ್ದು ಆ ಸೋಫಾನೇ. ನಾವು ಜಗಳ ಆಡಲಿಲ್ಲ, ಒಂದು ಮಾತೂ ಆಡಲಿಲ್ಲ. ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಹೆಂಡತಿಗೆ ಏನೋ ಹೇಳಬೇಕಾಗಿದೆ ಎಂದು ಊಹಿಸುತ್ತಿದ್ದರು. ನೀವು ಬಡಗಿಯನ್ನು ಕರೆಸಿ ಸೋಫಾದ ನಾಲ್ಕೂ ಕಾಲಿಗೆ ನೆಲ ಕೊರೆಸಿ ಬೋಲ್ಟ್ ಹಾಕಿಸಿದಿರಿ.

ಮೂಲೆ ನೆಟ್ಟಗಿದೆಯೇ ಎಂದು ಅಳೆಯುವ ತನ್ನ ಮೂಲೆಮಟ್ಟದ ಹೆಸರನ್ನು ನಿಮಗೆ ಇಟ್ಟವನೇ ಆ ಬಡಗಿ. ನೆಲ ಕೊರೆಯುವಾಗ ಅವನು ನನ್ನ ಮುಖ ನೋಡಿ, ತಲೆ ತಗ್ಗಿಸಿದ. ಕೊರೆಯುವ ಸದ್ದು ನನ್ನ ಅಂಗಾಲಿಗೆ ತಾಗುತ್ತಿತ್ತು. ಸೋಫಾ ಜರುಗುವುದಿಲ್ಲ ಅಂತಾದರೆ ನಾನು ಜರುಗುತ್ತೇನೆ ಎಂದು ಅಲ್ಲೇ ನಿಂತು ತೀರ್ಮಾನ ಮಾಡಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು ಎಂದು ನಿಮ್ಮ ಅಕ್ಕ ಬುದ್ಧಿ ಹೇಳಿದರು. ನನ್ನ ಮೂಗು ಗಟ್ಟಿಯಾಗಿದೆ, ನೆಟ್ಟಗೂ ಇದೆ ಎಂದು ಅವರಿಗೆ ತಿಳಿಸಿ.

ಈ ಮನೆಯ ವಿಚಾರ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಕೋಣೆ, ಕೆಳಗೆ ನಾನು ಕರಡು ತಿದ್ದುವ ಮುದ್ರಣಾಲಯ. ಅಚ್ಚಿನ ಯಂತ್ರದ ಗದ್ದಲಕ್ಕೆ ಇಲ್ಲಿ ಬಾಡಿಗೆಗೆ ಯಾರೂ ನಿಲ್ಲುತ್ತಿರಲಿಲ್ಲವಂತೆ. ಗದ್ದಲವೇ ಇವರಿಗೊಂದು ಕೊರತೆಯಾಗಿ ಕಂಡಿದೆಯಲ್ಲ ಎಂದು ನಾನು ಒಳಗೊಳಗೇ ಕುಣಿದಾಡಿದೆ. ಯಂತ್ರ ಶುರುವಾದರೆ ನೆಲ ಸಣ್ಣಗೆ ನಡುಗುತ್ತದೆ, ಕೆಲಸಕ್ಕೆ ಇಳಿಯುವ ಹೊತ್ತಾಯಿತು ಎಂದು ಅರ್ಥ. ಕೆಳಗೆ ಯಂತ್ರದ ಪಕ್ಕ ಯಾರಿಗೂ ಯಾರ ಮಾತೂ ಕೇಳಿಸದು, ಎಲ್ಲರೂ ಕೈಯಲ್ಲಿ, ಹುಬ್ಬಿನಲ್ಲಿ, ತುಟಿಯಲ್ಲಿ ಮಾತಾಡುತ್ತಾರೆ. ಹಗಲೆಲ್ಲ ಅವರೂ ನನ್ನಂತೆ ಕಿವುಡರೇ. ಸಂಜೆ ಯಂತ್ರ ನಿಂತರೆ ಅವರಿಗೆ ವಾಸಿಯಾಗುತ್ತದೆ, ನನಗೆ ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ನಿಮ್ಮ ಶಾಸ್ತ್ರಕ್ಕೆ ವಿರುದ್ಧವಾದದ್ದೆಲ್ಲ ಇದೆ. ದಪ್ಪ ಪರದೆ ಇದೆ, ನೆಲದ ತುಂಬ ಚಾಪೆ, ಗೋಡೆಯ ತುಂಬ ಪುಸ್ತಕ. ಸದ್ದು ಅವುಗಳೊಳಗೆ ಇಂಗಿಹೋಗುತ್ತದೆ, ಹಾಗಾಗಿ ನೀವು ಕೊಡಿಸಿದ ಕಿವಿಯ ಯಂತ್ರ ಕಡೆಗೂ ದುಡಿಯುತ್ತಿದೆ. ಒಲೆಯ ಹಿಂದಿನ ಗೋಡೆಗೆ ಕನ್ನಡಿ ಹಾಕಿದ್ದೇನೆ. ಅಡುಗೆಮನೆಯಲ್ಲಿ ಕನ್ನಡಿಯೇ ಎಂದು ಹುಬ್ಬೇರಿಸಬೇಡಿ. ಬೆನ್ನ ಹಿಂದೆ ನಿಂತು ಮಾತಾಡುವವರ ಮುಖ ಅದರಲ್ಲಿ ಕಾಣುತ್ತದೆ. ದೀಪಗಳನ್ನು ತಲೆಯ ಮೇಲಿಂದ ಇಳಿಸಿ ಮುಖದ ಮಟ್ಟಕ್ಕೆ ಗೋಡೆಗೆ ತಂದಿದ್ದೇನೆ. ಕಿಟಕಿಯ ಹತ್ತಿರ ಎರಡು ಕುರ್ಚಿ, ಬೆಳಕು ಎರಡು ಮುಖಕ್ಕೂ ಬೀಳುವ ಹಾಗೆ ಓರೆಯಾಗಿ, ಎದುರುಬದುರು. ನಿಮ್ಮ ಮೂಲೆಮಟ್ಟ ಇಟ್ಟು ಅಳೆದರೆ ಇಲ್ಲಿ ಒಂದೂ ನೆಟ್ಟಗಿಲ್ಲ. ಬೀದಿ ಬಾಗಿಲಿಗೆ ಗಂಟೆಯಿಲ್ಲ, ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಲ್ಲಿ ಕೂತರೂ ಅದು ಕಣ್ಣಿಗೆ ಬೀಳುವ ಹಾಗೆ ಸಾಮಾನುಗಳನ್ನು ಇಟ್ಟುಕೊಂಡಿದ್ದೇನೆ.

ಗುಬ್ಬಿ ರಜೆಯ ದಿನ ಬರುತ್ತಾಳೆ. ಮೊದಲನೆಯ ಸಲ ಬಂದಾಗ ಅವಳನ್ನು ಆ ಎದುರು ಕುರ್ಚಿಯಲ್ಲಿ ಕೂರಿಸಿ, ಮುರಿದ ಮದುವೆಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿಸಿದೆ. ಅವಳೂ ಅತ್ತಳು, ನಾನೂ ಅತ್ತೆ, ಆಮೇಲೆ ಆ ಹುಡುಗನನ್ನು ಇಬ್ಬರೂ ಸೇರಿ ಬಾಯಿತುಂಬ ಬೈದೆವು. ನನಗೆ ಈಗ ತಲೆನೋವಿಲ್ಲ. ಮಾತ್ರೆಯನ್ನು ವೈದ್ಯರೇ ಕಡಿಮೆ ಮಾಡುತ್ತ ಬಂದು ನಿಲ್ಲಿಸಿದರು. ಏನು ಮಾಡಿದಿರಿ ಅಂತ ಕೇಳಿದರು. ಕುರ್ಚಿ ತಿರುಗಿಸಿದೆ ಎಂದೆ.

ಆದ್ದರಿಂದ ಭಾನುವಾರ ನಾನು ಬರುವುದಿಲ್ಲ. ನೆಮ್ಮದಿಯ ಮನೆ ಎಂಬ ಹೆಸರಿನ ಕೆಳಗೆ ನನ್ನ ಮುಖ ಅಚ್ಚಾಗಬಾರದು. ನನ್ನ ಜಾಗದಲ್ಲಿ ಒಂದು ತಿಳಿನೀಲಿ ದಿಂಬು ಇಡಿ. ಆ ಮನೆಯಲ್ಲಿ ನಾನು ಎಷ್ಟು ಮಾತಾಡುತ್ತಿದ್ದೆನೋ ಅದೂ ಅಷ್ಟೇ ಮಾತಾಡುತ್ತದೆ, ಗೋಡೆಗೂ ಹೊಂದುತ್ತದೆ. ನಿಮ್ಮ ಗಾಜು, ನಿಮ್ಮ ಗೆರೆ, ನಿಮ್ಮ ಬೋಲ್ಟು ನಿಮಗೇ ಇರಲಿ. ಅವು ನನಗೆ ನೆನಪಾಗುವುದೂ ಇಲ್ಲ. ಆ ಬೀದಿಗೆ ನಾನು ಕಾಲಿಟ್ಟಿಲ್ಲ, ಇಡುವುದೂ ಇಲ್ಲ.

ನೆಲ ನಡುಗುತ್ತಿದೆ. ಕೆಳಗೆ ಇಳಿಯಬೇಕು.

ಇಂತಿ,
ಸೋಫಾದ ಎಡತುದಿಯಲ್ಲಿ ಕೂರುತ್ತಿದ್ದವಳು

ಮರೆತಿದ್ದೆ: ಕಾಲಿಟ್ಟಿಲ್ಲ ಎಂದು ಮೇಲೆ ಬರೆದದ್ದನ್ನು ತಿದ್ದುತ್ತಿದ್ದೇನೆ, ಕರಡು ತಿದ್ದುವವಳು ತನ್ನದನ್ನೂ ತಿದ್ದಬೇಕಲ್ಲ. ಹೋದ ವಾರ ಒಂದು ಸಂಜೆ ಆ ಬೀದಿಗೆ ಬಂದಿದ್ದೆ. ನಿಮ್ಮ ಮನೆಯ ದೀಪ ಹತ್ತಿತ್ತು. ಗಾಜಿನ ಒಳಗೆ, ಸೋಫಾದ ಬಲತುದಿಯಲ್ಲಿ ನೀವೊಬ್ಬರೇ ಕೂತಿದ್ದಿರಿ. ಆ ಮನೆಯಲ್ಲಿ ನಿಮ್ಮ ಮುಖ ನೆಟ್ಟಗೆ ಕಾಣುವ ಜಾಗ ಒಂದೇ, ಅದು ಬೀದಿ. ನೀವು ಎಡತುದಿಯ ಕಡೆ ತಿರುಗಿ ಏನೋ ಮಾತಾಡುತ್ತಿದ್ದಿರಿ. ಖಾಲಿ ಜಾಗಕ್ಕೆ ಅಷ್ಟು ಹೊತ್ತು ಏನು ಹೇಳುತ್ತಿದ್ದಿರಿ? ಬಹಳ ಹೊತ್ತು ನಿಂತು ನೋಡಿದೆ. ಮೀಸೆ ಅಡ್ಡ ಬಂತು, ತಿಳಿಯಲಿಲ್ಲ. ಅದನ್ನು ಕತ್ತರಿಸಿಕೊಂಡು, ಬೆಳಕು ಇರುವಾಗಲೇ ಬನ್ನಿ. ಬೀದಿ ಬಾಗಿಲಿನ ಗುಂಡಿ ಒತ್ತಿ. ಎದುರು ಕುರ್ಚಿಯಲ್ಲಿ ಕೂತು, ಅವತ್ತು ಆ ಖಾಲಿ ಜಾಗಕ್ಕೆ ಹೇಳುತ್ತಿದ್ದುದನ್ನು ಮೊದಲಿನಿಂದ ಹೇಳಿ. ಆಮೇಲೆ ಹೇಳ್ತೀನಿ ಅಂದರೆ ಮಾತ್ರ ಎಬ್ಬಿಸಿ ಕಳಿಸುತ್ತೇನೆ.