ಹಿಡಿಕೆ ಯಾವ ಕಡೆ?

ಮಾರ್ಚ್ ೩, ಸೋಮವಾರ

ಬೆಳಗ್ಗೆಯಿಂದ ಅದೇ ಕೆಲಸ. ಕನ್ನಡಕದಂಗಡಿಯ ಕತ್ತಲೆ ಕೋಣೆ, ಗೋಡೆಯ ಮೇಲೆ ಅಕ್ಷರಗಳು, ಬಂದವರಿಗೆಲ್ಲ ಒಂದೇ ಪ್ರಶ್ನೆ — "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?"

ಸಂಜೆ ಅಕ್ಕನನ್ನು ಫಿಸಿಯೋ ಮೇಡಂ ಹತ್ತಿರ ಕರೆದುಕೊಂಡು ಹೋದೆ. ವ್ಯಾಯಾಮ ಮುಗಿದ ಮೇಲೆ ಮೇಡಂ ನನ್ನನ್ನು ಮಾತ್ರ ಪಕ್ಕಕ್ಕೆ ಕರೆದರು. "ಮೂಳೆ ಕೂಡಿ ಎಷ್ಟೋ ದಿನ ಆಯ್ತು. ಕೈ ಎತ್ತೋಕೆ ಅವರಿಗೆ ಭಯ, ಅಷ್ಟೇ. ಹೀಗೇ ಬಿಟ್ರೆ ಭುಜ ಬಿಗಿದುಕೊಂಡುಬಿಡುತ್ತೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ. ಅವರಿಗೆ ಆಸೆ ಇರೋ ಕೆಲಸ ಯಾವುದಾದ್ರೂ ಇದೆಯಾ?"

ಇತ್ತು. ಗಾಳ. ದೋಣಿಕಟ್ಟೆಯಲ್ಲಿ ಜಾರಿ ಬಿದ್ದಾಗ ಬಲಭುಜದ ಜೊತೆ ಗಾಳದ ಕೋಲೂ ಮುರಿಯಿತು. ಈಗ ಮೀನಿನ ಮಾತೆತ್ತಿದರೆ ಸಾಕು, ಎದ್ದು ಹೋಗುತ್ತಾಳೆ. ತಲೆ ಬಾಚುವುದೂ ಎಡಗೈಯಲ್ಲೇ.

ಹೊಸದು ತಂದುಕೊಟ್ಟರೆ? ಅವಳನ್ನು ಕೇಳದೇ...

ಮಾರ್ಚ್ ೬, ಗುರುವಾರ

ಗಾಳದಂಗಡಿಗೆ ಹೋಗಿದ್ದೆ. ಹುಚ್ಚು ಹಿಡಿಯುವುದೊಂದು ಬಾಕಿ.

ಕೆರೆಯ ದೊಡ್ಡ ಮೀನಿಗೆ ಒಂದು ರಾಡ್ ಕೊಡಿ ಅಂದೆ. ನನಗೆ ಗೊತ್ತಿದ್ದದ್ದೇ ಅಷ್ಟು.

"ಲೂರ್ ಎಷ್ಟು ತೂಕದ್ದು ಎಸೀತಾರೆ ಸಾರ್?"

ತೂಕ ಯಾರಿಗೆ ಗೊತ್ತು? ಲೂರ್ ಎಂದರೆ ಅಕ್ಕನ ಮರದ ಮೀನುಗಳು, ಅವನ್ನು ನೋಡಿದ್ದೇನೆ. ಹೊಟ್ಟೆಯಡಿ ಕೊಕ್ಕೆ, ನಿಜವಾದ ಮೀನು ಮೋಸಹೋಗಿ ಕಚ್ಚಲೆಂದು. ಅಂಗೈ ಚಾಚಿ ಇಷ್ಟುದ್ದ ಎಂದು ತೋರಿಸಿದೆ.

"ಹಾಗಾದ್ರೆ ಹೆವಿ ರಾಡೇ ಬೇಕು. ಬಳುಕೋ ಕೋಲಲ್ಲಿ ಅಷ್ಟು ಭಾರ ಎಸೆಯಕ್ಕಾಗಲ್ಲ. ಏಳಡಿನಾ, ಎಂಟಡಿನಾ? ದೋಣಿಯಿಂದಲಾ, ದಡದಿಂದಲಾ? ದಾರ ಸುತ್ತೋ ರೀಲು ದುಂಡಗಿರೋದಾ, ಚಪ್ಪಟೆದಾ?"

ಅಂಗಡಿಯವನು ಒಂದು ರಾಡ್ ಕೈಗಿಟ್ಟ. ಅದನ್ನು ಕಿತ್ತುಕೊಂಡು ಇನ್ನೊಂದು ಇಟ್ಟ. "ವ್ಯತ್ಯಾಸ ಗೊತ್ತಾಯ್ತಾ?" ಹೂಂ ಎಂದು ತಲೆಯಾಡಿಸಿದೆ. ಎಲ್ಲಿಯ ವ್ಯತ್ಯಾಸ, ಮಣ್ಣು! ನನ್ನ ಕತ್ತಲೆ ಕೋಣೆಯಲ್ಲಿ ಕೂತವರು ಸುಮ್ಮನೆ "ಎರಡನೇದೇ" ಎಂದುಬಿಡುವುದು ಏಕೆಂದು ಇವತ್ತು ಅರ್ಥವಾಯಿತು.

ಕೊನೆಗೆ ಕೇಳಿದ: "ರೀಲಿನ ಹಿಡಿಕೆ ಎಡಗಡೆನಾ, ಬಲಗಡೆನಾ? ಈ ಥರದ ರೀಲಲ್ಲಿ ಆಮೇಲೆ ಕಡೆ ಬದಲಾಯಿಸಕ್ಕೆ ಬರಲ್ಲ."

ಬರಿಗೈಲಿ ವಾಪಸ್. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಅಕ್ಕ ಯಾವ ಕೈಯಲ್ಲಿ ರೀಲು ಸುತ್ತುತ್ತಾಳೆಂದು ಗೊತ್ತಿಲ್ಲ. ನಾಚಿಕೆಯಾಯಿತು.

ಮಾರ್ಚ್ ೯, ಭಾನುವಾರ

ದಿನವಿಡೀ ಅವಳ ಕೈ ನೋಡುವುದೇ ಕೆಲಸ. ನಲ್ಲಿ ತಿರುಗಿಸಿದ್ದು ಎಡಗೈ. ಬಾಗಿಲು ತೆಗೆದದ್ದೂ ಎಡಗೈ. ಆದರೆ ಅದು ಬಿದ್ದ ಮೇಲಿನ ಅಭ್ಯಾಸ, ಅದರಿಂದ ಏನು ತಿಳಿಯುತ್ತದೆ?

"ಏನೋ, ನುಂಗೋ ಥರ ನೋಡ್ತಿದ್ದೀಯ?"

"ಏನಿಲ್ಲಕ್ಕ."

"ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡಿಸ್ಕೋ, ಹೋಗು."

ನನ್ನ ಲೆಕ್ಕ ಇದು. ಎಸೆಯುವುದು ಭಾರದ ಕೆಲಸ, ಸುತ್ತುವುದು ಹಗುರ. ಪೆಟ್ಟಾದದ್ದು ಬಲಕ್ಕೆ. ಅಂದಮೇಲೆ ರಾಡ್ ಎಡಗೈಗೆ, ಹಿಡಿಕೆ ಬಲಗೈಗೆ. ಸರಿ ತಾನೇ? ಆದರೆ ಬಲಗೈ ಎತ್ತಬೇಕು ಅಂತಲ್ಲವೇ ಮೇಡಂ ಹೇಳಿದ್ದು... ಅಯ್ಯೋ, ತಲೆ ಗಿರ್ರೆನ್ನುತ್ತಿದೆ.

ಮಾರ್ಚ್ ೧೫, ಶನಿವಾರ

ಕೊನೆಗೂ ತಂದುಬಿಟ್ಟೆ. ಎಂಟಡಿ, ಹೆವಿ, ದುಂಡು ರೀಲು, ಹಿಡಿಕೆ ಬಲಗಡೆ. ಅಕ್ಕನ ಮಂಚದ ಪಕ್ಕ ಒರಗಿಸಿ, ಕಳ್ಳನ ಹಾಗೆ ಹೊರಗೆ ಬಂದೆ.

ಮಾರ್ಚ್ ೧೯, ಬುಧವಾರ

ಒರಗಿಸಿದಲ್ಲೇ ಇದೆ. ಅದರ ಮೇಲೆ ಒದ್ದೆ ಟವೆಲ್ ಒಣಗಹಾಕಿದ್ದಾಳೆ. ನನ್ನ ಜೊತೆ ಮಾತಿಲ್ಲ. ತರಬಾರದಿತ್ತೇನೋ...

ಮಾರ್ಚ್ ೨೩, ಭಾನುವಾರ, ಬೆಳಗ್ಗೆ

ಅಕ್ಕನ ಕೂಗು ಕೇಳಿ ಬೆಂಕಿಯೇ ಬಿತ್ತೇನೋ ಎಂದು ಓಡಿದೆ. ಟವೆಲ್ ನೆಲದ ಮೇಲೆ. ರಾಡ್ ಅವಳ ತೊಡೆಯ ಮೇಲೆ.

"ಯಾವ ಮುಠ್ಠಾಳ ಕೊಟ್ಟ ನಿಂಗೆ ಇದನ್ನ? ಹಿಡಿಕೆ ಬಲಗಡೆ ಇದೆ!"

"ನಾನೇ ಹೇಳಿದ್ದಕ್ಕ... ಬಲಗೈಗೆ ಭಾರ ಬೀಳಬಾರದು ಅಂತ..."

"ನನ್ನ ಬಲಗೈಗೆ ಏನ್ ಬಂದಿದೆಯೋ ದೊಡ್ಡ ರೋಗ? ನಾನು ಬಲಗೈಲಿ ಎಸೆದು ಎಡಗೈಲಿ ಸುತ್ತೋಳು! ಇಷ್ಟು ವರ್ಷ ಜೊತೆಗಿದ್ದು ಅದೂ ಗೊತ್ತಿಲ್ವಾ? ನೋಡಿಲ್ಲಿ. ಹೀಗೆ ಹಿಡ್ಕೊಂಡು... ಹೀಗೆ ಹಿಂದಕ್ಕೆ ತಂದು..."

ರಾಡಿನ ತುದಿ ಟಕ್ಕೆಂದು ಛಾವಣಿಗೆ ತಾಗಿತು. ಅವಳ ಬಲಗೈ ಕಿವಿಗಿಂತ ಮೇಲಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಅವಳ ಮುಖ ಕಿವುಚಿಕೊಂಡಿತು, ನೋವಿರಬೇಕು. ಆದರೂ ಕೈ ಇಳಿಸಲಿಲ್ಲ. ನನಗೆ ಅಳು ಬಂದುಬಿಟ್ಟಿತು.

"ಏನ್ ಬಾಯಿ ಬಿಟ್ಕೊಂಡು ನಿಂತಿದ್ದೀಯ? ನಡಿ ಅಂಗಡಿಗೆ, ಬದಲಾಯಿಸ್ಕೊಂಡು ಬರೋಣ. ನಿನ್ನೊಬ್ಬನ್ನೇ ಕಳಿಸಿದ್ರೆ ಇನ್ನೇನು ಹೊತ್ಕೊಂಡು ಬರ್ತೀಯೋ!"

ನಾನು ಮಾಡಿದ್ದು ಸರಿಯೋ ತಪ್ಪೋ, ದೇವರಾಣೆ ಗೊತ್ತಾಗುತ್ತಿಲ್ಲ. ತಲೆ ಬಾಚಿಕೊಂಡು ಬರ್ತೀನಿ ಇರು ಅಂದಳು. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಕನ್ನಡಿ ಇಲ್ಲಿಂದಲೇ ಕಾಣುತ್ತದೆ. ಬಾಚಣಿಗೆ ಎಡಗೈಯಲ್ಲಿದೆ. ಯಾಕೋ ನಿಲ್ಲಿಸಿದಳು. ಬಲಗೈಗೆ ದಾಟಿಸಿ, ಮೆಲ್ಲಗೆ—