ಮೂರನೆಯ ಹಸಿಬಟ್ಟೆ

ಕ್ರಿ.ಶ. 2230, ಫೆಬ್ರುವರಿ 30
ಹಳೆ ಅಳಿವೆಯ ದಡದಿಂದ

ಅಶ್ವಿತಾ,

ತಾರೀಖು ನೋಡಿ ನಗಬೇಡ. ಜುಲೈಯಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ತೆಗೆದು ಬಡಪಾಯಿ ಫೆಬ್ರುವರಿಗೆ ಕೊಟ್ಟು ಬಹಳ ಕಾಲವಾಯಿತು. ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ; ಬಹುವಚನದಲ್ಲಿ ಬರೆಯಬೇಕಿತ್ತು. ಆದರೆ ನಮ್ಮಲ್ಲಿ ಉಳಿದಿರುವ ನಿನ್ನ ಒಂದೇ ಒಂದು ಪಟದಲ್ಲಿ ನಿನಗೆ ಇಪ್ಪತ್ತೆರಡು, ನನಗೀಗ ಅರವತ್ತೊಂದು. ಏಕವಚನಕ್ಕೂ ಮುಂದೆ ಬರುವ ವಿಚಿತ್ರ ಪದಗಳಿಗೂ ಕ್ಷಮೆಯಿರಲಿ. ಈ ಕಾಗದ ನಿನಗೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡ, ಟಪಾಲು ನನ್ನ ಇಲಾಖೆಯಲ್ಲ.

ನಿನ್ನ ಊರು ಈಗ ನೀರಿನ ಮೇಲಿದೆ. ನಾವು ಏರುಮನೆಗಳಲ್ಲಿ ಇರುತ್ತೇವೆ, ಎಂದರೆ ಭರತಕ್ಕೆ ಏರಿ ಇಳಿತಕ್ಕೆ ಇಳಿಯುವ ತೇಲುಮನೆಗಳು. ಶಾಲೆಯ ಗಂಟೆ ನೀರು ನೋಡಿಕೊಂಡು ಹೊಡೆಯುತ್ತದೆ. ಮನೆಗಳ ನಡುವೆ ಉಪ್ಪುನೀರಿನ ಭತ್ತ ಬೆಳೆಯುತ್ತೇವೆ, ಅದರ ಗಂಜಿಗೆ ಉಪ್ಪು ಹಾಕಿದರೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಓಡಾಟಕ್ಕೆಲ್ಲ ಬಿಸಿಲೋಡ, ಬಿಸಿಲಿನಿಂದ ಓಡುವ ದೋಣಿ. ಆಸ್ಪತ್ರೆಗೆ, ಸಂತೆಗೆ, ಮದುವೆಗೆ, ಎಲ್ಲದಕ್ಕೂ ಅಳಿವೆ ದಾಟಲೇಬೇಕು. ನದಿ ಸಮುದ್ರ ಸೇರುವ ಆ ಬಾಯಿಯಲ್ಲಿ ಮರಳು ಒಂದು ವಾರ ಇದ್ದಲ್ಲಿ ಇರುವುದಿಲ್ಲ. ಯಂತ್ರಗಳು ನಮ್ಮಲ್ಲೂ ಇವೆ. ನಿನ್ನೆಯ ಮರಳನ್ನು ಬಹಳ ಚೆನ್ನಾಗಿ ತೋರಿಸುತ್ತವೆ.

ಆದ್ದರಿಂದ ಓಡದ ಮುಂದೆ ನನ್ನಂಥವರೊಬ್ಬರು ಕಾಣ್ಗೋಲು ಹಿಡಿದು ನಿಲ್ಲುತ್ತಾರೆ. ಆಳ ಅಳೆದು ದಾರಿ ಕಾಣುವ ಬಿದಿರುಕೋಲು ಅದು. ಹೊರಡುವ ಮುಂಚೆ, ಕುಳಿತವರೆಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಬೇಕು: “ಗೊತ್ತಿಲ್ಲೆ, ಕಾಂಬ.” ದಾರಿ ನನಗೆ ಗೊತ್ತಿಲ್ಲ, ನೋಡೋಣ ಎಂದು. ಪ್ರತಿ ಸಲವೂ ಹೇಳಬೇಕು. ಹೇಳದವರ ಓಡಕ್ಕೆ ನಮ್ಮಲ್ಲಿ ಯಾರೂ ಹತ್ತುವುದಿಲ್ಲ. ನಿನ್ನ ಕಾಲದಲ್ಲಿ ಡ್ರೈವರ್ ಹೀಗೆ ಹೇಳಿದ್ದರೆ ಬಸ್ಸು ಖಾಲಿಯಾಗುತ್ತಿತ್ತೇನೋ.

ಮೂವತ್ತನೆಯ ವಯಸ್ಸಿನಲ್ಲಿ ನಾನು ಈ ಅಳಿವೆಯ ಹುಲಿ. ಕಣ್ಣು ಮುಚ್ಚಿ ದಾಟಿಸುತ್ತೇನೆ ಎಂಬ ಕೊಬ್ಬು. ಒಂದು ದಿನ ಮದುವೆಯ ದಿಬ್ಬಣ ಹತ್ತಿತು. ಹೇಳಬೇಕಾದ್ದನ್ನು ನಾಲಗೆಯ ತುದಿಯಲ್ಲಿ ಹೇಳಿ, ಕೋಲು ಪಕ್ಕಕ್ಕಿಟ್ಟು, ಹಿಂದಿನ ವಾರದ ದಾರಿಯಲ್ಲೇ ಬಿಟ್ಟೆ. ನಡುನೀರಿನಲ್ಲಿ ಓಡ ಮರಳು ಹತ್ತಿ ಕುಳಿತಿತು. ಮುಹೂರ್ತ ಮೀರಿತು. ಮದುಮಗ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ಓಡ ದೂಡಿದ, ಮದುಮಗಳು ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚಿದಳು, ನನಗೂ ಕೊಟ್ಟಳು. ತಲೆ ಎತ್ತದೆ ತಿಂದೆ.

ನನಗೆ ಕೆಲಸ ಕಲಿಸಿದ ಕುಪ್ಪಕ್ಕ ದಡದಲ್ಲಿ ನಿಂತಿದ್ದರು. ಬೈಯಲಿಲ್ಲ. “ಬಾಯಂಗೆ ಹೇಳ್ದೆ, ಮನ್ಸಂಗೆ ಹೇಳ್ಲಿಲ್ಲೆ. ಅಲ್ದಾ ಹೆಣ್ಣೇ?” ಎಂದರು ಅಷ್ಟೇ. ಕೋಲು ತೆಗೆದುಕೊಂಡು ಹಸಿಬಟ್ಟೆ ಕೈಗಿಟ್ಟರು. ಹೊಸದಾಗಿ ಕಲಿಯುವವರು ಸೊಂಟಕ್ಕೆ ಕಟ್ಟುವ ಒದ್ದೆ ಬಟ್ಟೆ ಅದು. ದಿನವಿಡೀ ನೀರಿನಲ್ಲೇ ನಿಲ್ಲುವುದರಿಂದ ಒಣಗುವುದೇ ಇಲ್ಲ. ಒಮ್ಮೆ ಬಿಚ್ಚಿದ್ದನ್ನು ಅದೇ ನೀರಿನಲ್ಲಿ ಮತ್ತೆ ಯಾರೂ ಕಟ್ಟಿದ್ದಿಲ್ಲ. ನಾನು ಎರಡನೆಯ ಸಲ ಒಂದು ವರ್ಷ ಕಟ್ಟಿದೆ, ಮಕ್ಕಳ ಜೊತೆ ನಿಂತು ಕಲಿತೆ. ಆ ವರ್ಷ ಕಲಿತದ್ದರ ಮುಂದೆ ಮೊದಲ ಹನ್ನೆರಡು ವರ್ಷ ಏನೇನೂ ಅಲ್ಲ.

ಕಳೆದ ಮಳೆಗಾಲದಲ್ಲಿ ಅಳಿವೆ ಮುಚ್ಚಿಹೋಯಿತು. ಬಡಗಣ ದಿಕ್ಕಿಗೆ ನಾಲ್ಕು ಮೈಲಿ ಆಚೆ ನದಿ ಹೊಸ ಬಾಯಿ ತೆರೆದಿದೆ. ಅದನ್ನು ಮೊದಲು ದಾಟಿದವಳು ನನ್ನ ಶಿಷ್ಯೆ ತರಳಾ, ಇಪ್ಪತ್ತನಾಲ್ಕರ ಹುಡುಗಿ. ಹೊಸ ನೀರನ್ನು ಯಾರು ಮೊದಲು ದಾಟುತ್ತಾರೋ ಅವರೇ ಅಲ್ಲಿ ಗುರು; ಉಳಿದವರು ವಯಸ್ಸು ನೋಡದೆ ಹಸಿಬಟ್ಟೆ ಕಟ್ಟಬೇಕು. ಬೇಡವೆಂದವರಿಗೆ ಮಾನದ ಕುರ್ಚಿಯಿದೆ. ಹಳೆ ದಡದಲ್ಲಿ ಕುಳಿತು, ಇಲ್ಲದ ಅಳಿವೆಯ ಕಥೆ ಹೇಳಿಕೊಂಡು, ಕೈಮುಗಿಸಿಕೊಂಡು ಇರಬಹುದು.

ನಿನ್ನೆ ತರಳಾ ಬಂದು ಕಾಲು ಮುಟ್ಟಿದಳು. “ನೀವ್ ಕುರ್ಚಿಯಂಗೆ ಕೂಕಣಿ ಅಮ್ಮ, ಕೋಲ್ ನಾ ಹಿಡಿತೆ” ಎಂದಳು. ಪ್ರೀತಿಯಿಂದಲೇ ಹೇಳಿದ್ದು. ಕುರ್ಚಿ ಚೆನ್ನಾಗಿದೆ, ನನ್ನ ಮಂಡಿಯೂ ಅದರ ಪರವಾಗಿಯೇ ಮಾತಾಡುತ್ತದೆ. ಹೆದರಿಕೆಯೂ ಆಯಿತು. ಎಲ್ಲರೂ ನೋಡುತ್ತಿರುವಾಗ ಕೋಲು ತಪ್ಪಿದರೆ? ಹೊಸ ನೀರು ನನಗೆ ಒಲಿಯದೇ ಹೋದರೆ? ಆದರೂ ನಾನು ಹೇಳಿದ್ದು ಇದು: “ನಾಳಿದ್ದಿಗೆ ಒಂದ್ ಹಸಿಬಟ್ಟೆ ತಕಂಡ್ ಬಾ. ಉದ್ದದ್ದ್ ತಾ, ಸೊಂಟ ದಪ್ಪ ಆಯಿತ್.”

ಮೂರು ಸಲ ಹಸಿಬಟ್ಟೆ ಕಟ್ಟಿದವರು ನಮ್ಮ ನೀರಿನಲ್ಲಿ ಯಾರೂ ಇಲ್ಲ. ನಾಳೆ ಬೆಳಿಗ್ಗೆ ನಾನೊಬ್ಬಳು ಇರುತ್ತೇನೆ. ನನಗೆ ಹೆಮ್ಮೆಯಾಗಿದೆ, ಮುಚ್ಚಿಡುವುದಿಲ್ಲ. ಹುಲಿಯಾಗಿದ್ದಾಗ ಇದ್ದದ್ದಕ್ಕಿಂತ ದೊಡ್ಡ ಹೆಮ್ಮೆ.

ಬಟ್ಟೆ ಕಟ್ಟುವ ಹಿಂದಿನ ದಿನ ಹಿಂದಿನವರಲ್ಲಿ ಒಬ್ಬರಿಗೆ ಕಾಗದ ಬರೆಯುವುದು ನಮ್ಮ ರೂಢಿ. ಮೊದಲೆರಡು ಸಲ ಯಾರಿಗೋ ಬರೆದಿದ್ದೆ. ಈ ಸಲ ನಿನ್ನ ಪಟ ಎದುರಿಗಿಟ್ಟುಕೊಂಡಿದ್ದೇನೆ. ಬಸ್ ನಿಲ್ದಾಣ, ಕಾಲ ಬಳಿ ಒಂದು ಬ್ಯಾಗು, ಬಾಯಲ್ಲಿ ಉಗುರು. ಆ ಬಸ್ಸು ಎಲ್ಲಿಗೆ ಹೋಗುತ್ತಿತ್ತು, ನೀನು ಹತ್ತಿದೆಯೋ ಇಲ್ಲವೋ, ನಮ್ಮಲ್ಲಿ ಯಾರಿಗೂ ತಿಳಿಯದು. ಪಟದ ಹಿಂದೆ ನಿನ್ನ ಕೈಬರಹದಲ್ಲಿ ಒಂದೇ ಸಾಲಿದೆ: “ಮುಂದೆ ಏನೋ, ಗೊತ್ತಿಲ್ಲೆ.”

ನಮ್ಮ ಮಾತಿನ ಅರ್ಧ ನಿನ್ನ ಹತ್ತಿರ ಆಗಲೇ ಇದೆ ಮಗಳೇ. ಸಾಲಿನ ಕೆಳಗೆ ಇನ್ನೊಂದು ಪದಕ್ಕೆ ಜಾಗವೂ ಇದೆ. ಈ ಕಾಗದ ಮುಟ್ಟಿದ ಕೂಡಲೇ ಅದನ್ನು ಬರಿ, ಬಸ್ಸು ಹತ್ತು. ನಾಳೆ ನೀರಿಗಿಳಿಯುವ ಮುಂಚೆ ನಾನು ಪಟವನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತೇನೆ.

ಇಂತಿ ನಿನ್ನ
ಸಾದು