ತಿಥಿಗೆ ಬಾರದ ಚುಕ್ಕಿಗಳು

ಖಜೂರಿ
ತಾ. ೧೪ ಡಿಸೆಂಬರ್ ೧೯೪೮, ಮಂಗಳವಾರ

ಯಜಮಾನರಿಗೆ ಸಾಬಮ್ಮನ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅತ್ತೆಯವರ ಮೊಣಕಾಲು ನೋವು ಹಾಗೆಯೇ ಇದೆ. ಜೋಳ ಚೆನ್ನಾಗಿ ಬಂದಿದೆ. ಜೇವರ್ಗಿಯ ಶಾಲೆಯಲ್ಲಿ ನಿಮಗೆ ಊಟದ ವ್ಯವಸ್ಥೆ ಸರಿಹೋಯಿತೆಂದು ಕೇಳಿ ಸಮಾಧಾನವಾಯಿತು. ಪತ್ರ ತಡವಾಯಿತು, ಕ್ಷಮಿಸಿ. ಅಮಾವಾಸ್ಯೆ ಆದ ಕೂಡಲೇ ಬರೆಯಬೇಕಿತ್ತು. ಚುಕ್ಕಿಗಳು ಬಂದು ಹೋಗಲಿ, ಆಮೇಲೆ ಬರೆದರಾಯಿತು ಎಂದು ಕಾದೆ.

ಹೋದ ವರ್ಷ ರಜಾಕಾರರ ಹಾವಳಿಯಲ್ಲಿ ನೀವು ಗಡಿ ದಾಟಿ ಸೊಲ್ಲಾಪುರದ ಕಡೆಯ ಶಿಬಿರಕ್ಕೆ ಹೊರಟಾಗ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಡಿಸೆಂಬರ್ ಹದಿಮೂರರ ರಾತ್ರಿ ಮಾಳಿಗಿ ಹತ್ತು. ಪುನರ್ವಸುವಿನ ಜೋಡಿ ಚುಕ್ಕಿ ಕಡಿಂದ ಬೆಂಕಿ ಉದುರತಾವ. ನಾನೂ ಅಲ್ಲಿಂದ ನೋಡ್ತೇನಿ. ಅವತ್ತ ಇಬ್ಬರೂ ಕೂಡೇ ಇದ್ದಂಗ." ಅವು ಚುಕ್ಕಿಗಳೇ ಅಲ್ಲ, ಆಕಾಶದ ದಾರಿಯಲ್ಲಿ ಬಿದ್ದ ಧೂಳು, ಭೂಮಿ ಪ್ರತಿವರ್ಷ ಅದೇ ತಾರೀಖಿಗೆ ಅದರೊಳಗೆ ಹಾಯುತ್ತದೆ, ಆಗ ಧೂಳು ಉರಿಯುತ್ತದೆ ಎಂದು ಕಲಿಸಿದವರು ನೀವು. ಚಂದ್ರನ ತಿಥಿಗೂ ಅದಕ್ಕೂ ಸಂಬಂಧವಿಲ್ಲ ಎಂದವರೂ ನೀವೇ.

ಹತ್ತಿದೆ, ನೋಡಿದೆ. ಒಂದರ ಹಿಂದೆ ಒಂದು ಉದುರುತ್ತಿದ್ದವು. ನೀವು ಪಕ್ಕದಲ್ಲೇ ಇದ್ದೀರಿ ಎಂಬ ಹಾಗೆ ಕೈ ಎತ್ತಿ ತೋರಿಸುತ್ತಿದ್ದೆ. ಆಗ ನಿಮ್ಮ ಬೀರಲಿಂಗಪ್ಪ ಕಾಕಾ ಅಂಗಳದಿಂದ ಕೂಗಿದರು, "ಯಾರಿಗಿ ಕೈ ಮಾಡಾಕತ್ತೀ ಬೇ?" ಚುಕ್ಕಿ ನೋಡುತ್ತಿದ್ದೆ ಎಂದರೆ ಯಾರೂ ನಂಬಲಿಲ್ಲ; ಕತ್ತಲಲ್ಲಿ ಯಾವನಿಗೋ ಸನ್ನೆ ಮಾಡಿದಳೆಂದು ಆ ರಾತ್ರಿ ಬಂದ ಕೆಟ್ಟ ಹೆಸರು ಇನ್ನೂ ಹೋಗಿಲ್ಲ. ನಾನು ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಾರೆ.

ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿದು ನೀವು ಹಾರ ಹಾಕಿಸಿಕೊಂಡು ಬಂದಾಗ, ಮಾಳಿಗೆ ಹತ್ತು ಎಂದವನು ನಾನೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಕಾ ನಾಲ್ಕು ಜನರ ಮುಂದೆ ಕೇಳಿದರೆ ನೀವು, "ಈ ವರ್ಷ ನೋಡೂಣ್ರಿ. ಚುಕ್ಕಿ ಬಿದ್ದರ ಜೇವರ್ಗಿಗಿ ಕರ್ಕೊಂಡ ಹೋಗ್ತೇನಿ. ಬೀಳದಿದ್ದರ ಗೊಬ್ಬೂರಕ್ಕ, ಅವರಪ್ಪನ ಮನಿಗಿ ಕಳಸ್ರಿ" ಎಂದಿರಿ. ಹೆಂಡತಿಯ ಮಾತಿಗೆ ನಿಮಗೆ ಆಕಾಶದ ಸಾಕ್ಷಿ ಬೇಕಾಯಿತು.

ಹೋದ ಸಲ ಕಾರ್ತಿಕ ಅಮಾವಾಸ್ಯೆಯ ಮರುದಿನ ಬಿದ್ದವು ಅಂದಿಯಲ್ಲ, ಈ ಸಲವೂ ಅದೇ ದಿನ ನೋಡುವುದು ಎಂದರು ಕಾಕಾ. "ಇದು ತಿಥಿಗೆ ಬರೂದಲ್ರಿ ಕಾಕಾ, ಇಂಗ್ಲಿಷ್ ತಾರೀಖಿಗೆ ಬರ್ತದ. ಇನ್ನ ಹನ್ನೆರಡ ದಿನ ತಡೀರಿ" ಎಂದೆ. "ಪಂಚಾಂಗ ನಮಗ ಕಲಸ್ತೀ?" ಎಂದು ನಕ್ಕರು. ಗಂಡಸರೆಲ್ಲ ಕಂಬಳಿ ಹೊದ್ದು ಕತ್ತು ನೋಯುವವರೆಗೆ ಕುಳಿತರು. ಬಿದ್ದದ್ದು ಒಂದೋ ಎರಡೋ, ಯಾವ ರಾತ್ರಿಯಾದರೂ ಬೀಳುವಂಥವು. ಗೊಬ್ಬೂರಕ್ಕೆ ಹೊರಡು ಎಂದರು. ಅತ್ತೆಯ ಕಾಲು ಹಿಡಿದು ನಿನ್ನೆಯವರೆಗೆ ಉಳಿದುಕೊಂಡೆ.

ನಿನ್ನೆ ಅತ್ತೆ ಒಬ್ಬರೇ ಕೋಲೂರಿಕೊಂಡು ನನ್ನ ಹಿಂದೆ ಮಾಳಿಗೆ ಹತ್ತಿದರು. ಬೆಳದಿಂಗಳಿಗೆ ಏನೂ ಸರಿಯಾಗಿ ಕಾಣಲಿಲ್ಲ. ನಸುಕಿನಲ್ಲಿ ಚಂದ್ರ ಮುಳುಗಿದ ಮೇಲೆ, ಪಡುವಣಕ್ಕೆ ವಾಲಿದ ಪುನರ್ವಸುವಿನ ಕಡೆಯಿಂದ ಬಂದವು. ಹೋದ ವರ್ಷದಂತೆಯೇ ಬಂದವು. ಅತ್ತೆ ಕೋಲು ಬದಿಗಿಟ್ಟು ಬೆರಳು ಮಡಿಸಿ ಎಣಿಸಿದರು. ಆಮೇಲೆ, "ನೀ ಹೇಳಿದ್ದ ಖರೇ ಅದ ಸಾಬವ್ವ. ಊರ ಮುಂದ ನಾ ಹೇಳ್ತೇನಿ" ಎಂದರು. ಬೆಳಿಗ್ಗೆ ಹೋಗಿ ಹೇಳಿಯೂ ಬಂದರು. ಕಾಕಾ ನನ್ನ ಮುಖ ನೋಡದೆ, "ಜೇವರ್ಗಿಗಿ ಬಂಡಿ ಹೂಡಸ್ತೇನಿ" ಎಂದರು.

ಗೊಬ್ಬೂರಕ್ಕೇ ಹೂಡಿಸಿ ಎಂದೆ. ಪಂದ್ಯ ಗೆದ್ದು ಗಂಡನ ಮನೆ ಸೇರುವುದು ನನಗೆ ಬೇಡ.

ಚಳಿ ಹೆಚ್ಚಿದೆ, ನಿಮ್ಮ ಕಂಬಳಿ ಕಳಿಸಿದ್ದೇನೆ. ನಿಮ್ಮ ಶಾಲೆಯ ಮಕ್ಕಳಿಗೆ ಒಳ್ಳೆಯದಾಗಲಿ. ಅವರಿಗೂ ಆಕಾಶ ತೋರಿಸುತ್ತಿರಬಹುದು.

ಇತಿ,
ಸಾಬಮ್ಮ

ತಾ.ಕ.: ಬರೆಯಬಾರದೆಂದೇ ಇದ್ದೆ. ಮಾಳಿಗೆ ಇಳಿಯುವಾಗ ಅತ್ತೆ ಇನ್ನೊಂದು ಮಾತು ಹೇಳಿದರು. ಸೆಪ್ಟೆಂಬರಿನಲ್ಲಿ ಕಾಕಾ "ಯಾವತ್ತ ನೋಡೂದಪಾ?" ಎಂದು ಕೇಳಿದಾಗ, "ಅಮಾಸಿ ಮರುದಿನ ನೋಡ್ರಿ" ಎಂದವರು ನೀವಂತೆ. ಅವತ್ತು ಬೀಳುವುದಿಲ್ಲ ಎಂಬುದು ಇಡೀ ಊರಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಹೋದ ವರ್ಷ ಆ ರಾತ್ರಿ ನೀವೂ ಅಲ್ಲಿಂದ ನೋಡಿದಿರಾ ಎಂದು ಕೇಳಬೇಕೆಂದು ವರ್ಷವಿಡೀ ಕಾದಿದ್ದೆ. ಇನ್ನು ಕೇಳುವುದಿಲ್ಲ.